ಗುಳ್ಳೆಗೆ ದಾರಿ ಬಿಟ್ಟವರ ಚರಿತ್ರೆ



ಪ್ರೌಢಶಾಲೆಯಲ್ಲಿ ನನ್ನ ಬಳಿ ಕಲಿತ ಹಲವರು ಇಂದು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರ ಪಾಲಿಗೆ ಬಂದಿರುವುದು ಯಂತ್ರದ ಮೂಲಕ ದ್ರವವನ್ನು ಅಳೆದು ಹನಿಸುವ ಕೆಲಸ. ಎಲೆಕ್ಟ್ರಾನಿಕ್ ಫಲಕದ ಮೇಲೆ ಅಂಟಿನ ಹನಿ, ಕಾರಿನ ಗಾಜಿನ ಅಂಚಿಗೆ ಎಳೆಯುವ ಬೆಸುಗೆ ಲೇಪ, ಬೇರಿಂಗಿಗೆ ಗ್ರೀಸು, ಶೀಶೆಗೆ ಔಷಧ, ಹೀಗೆ ಅದರ ವ್ಯಾಪ್ತಿ ದೊಡ್ಡದು. ಈ ಯಂತ್ರಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ನಡೆಸುವವರನ್ನು ನಿಮ್ಮ ದೊಡ್ಡ ಶತ್ರು ಯಾರೆಂದು ಕೇಳಿನೋಡಿ. ತುಕ್ಕು, ಧೂಳು, ಸವೆತ ಇವೆಲ್ಲಕ್ಕಿಂತ ಮೊದಲು ಅವರ ಬಾಯಿಂದ ಬರುವ ಉತ್ತರ 'ಗಾಳಿಗುಳ್ಳೆ' ಎಂದೇ.

ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಗುಳ್ಳೆ ಲಕ್ಷಾಂತರ ರೂಪಾಯಿಯ ಯಂತ್ರವನ್ನು ಅಪ್ರಯೋಜಕವಾಗಿಸುತ್ತದೆ ಎಂದರೆ ಹೊರಗಿನವರಿಗೆ ನಗು ಬರಬಹುದು. ಆದರೆ ಇದು ಇಂದಿನ ತೊಂದರೆಯಲ್ಲ. ಕೊಳವೆಯಲ್ಲಿ ದ್ರವವನ್ನು ಹಿಡಿದಿಡಲು ಮನುಷ್ಯ ತೊಡಗಿದ ದಿನದಿಂದಲೂ ಇದು ಅವನ ಬೆನ್ನು ಹತ್ತಿದೆ. ಅದನ್ನು ನಿವಾರಿಸಲು ಯಾರು ಯಾರು ಏನೇನು ಮಾಡಿದರು ಎಂಬುದಕ್ಕೆ ಸುಮಾರು 380 ವರ್ಷಗಳ ಸ್ವಾರಸ್ಯಕರವಾದ ಇತಿಹಾಸವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಬಿಡಿಬಿಡಿಯಾಗಿ ಬರುವ ಬಾಯ್ಲ್, ಹೆನ್ರಿ, ಸ್ಟೋಕ್ಸ್ ಮೊದಲಾದವರ ನಿಯಮಗಳು ಈ ಒಂದು ಕಥೆಯಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ, ಗುಳ್ಳೆ ಏಕೆ ಕೆಡುಕು ಎಂಬುದನ್ನು ತಿಳಿಯಬೇಕು. ದ್ರವವು ಒತ್ತಡಕ್ಕೆ ಸುಲಭವಾಗಿ ಕುಗ್ಗುವುದಿಲ್ಲ. ವಾಯುಮಂಡಲದ ನೂರು ಪಟ್ಟು ಒತ್ತಡ ಹೇರಿದರೂ ಒಂದು ಲೀಟರ್ ನೀರು ಕುಗ್ಗುವುದು ಸುಮಾರು 5 ಮಿಲಿಲೀಟರ್ ಮಾತ್ರ. ಅಷ್ಟೇ ಒತ್ತಡವನ್ನು ಒಂದು ಲೀಟರ್ ಗಾಳಿಯ ಮೇಲೆ ಹೇರಿದರೆ ಅದು ಹೆಚ್ಚುಕಡಿಮೆ 10 ಮಿಲಿಲೀಟರಿಗೆ ಇಳಿಯುತ್ತದೆ. ಕೊಂತವನ್ನು ಇಷ್ಟು ತಳ್ಳಿದರೆ ಇಷ್ಟು ದ್ರವ ಹೊರಬರುತ್ತದೆ ಎಂಬ ನಂಬಿಕೆಯ ಮೇಲೆ ಅಳೆಯುವ ಯಂತ್ರಗಳೆಲ್ಲ ನಿಂತಿವೆ. ನಡುವೆ ಗುಳ್ಳೆಯೊಂದು ಕುಳಿತರೆ ನಾವು ತಳ್ಳಿದ ಬಲವನ್ನು ಅದು ತಾನು ಕುಗ್ಗಿ ನುಂಗಿಕೊಳ್ಳುತ್ತದೆ, ತಳ್ಳುವುದನ್ನು ನಿಲ್ಲಿಸಿದ ಮೇಲೆ ಹಿಗ್ಗಿ ಹೊರಗೆ ಹಾಕುತ್ತದೆ. ಬೇಕಾದಾಗ ಹನಿ ಬೀಳದೆ ಬೇಡವಾದಾಗ ತೊಟ್ಟಿಕ್ಕುವುದಕ್ಕೆ ಇದೇ ಕಾರಣ.

ಪಾದರಸದ ಕೊಳವೆಯಲ್ಲಿ ಮೊದಲ ಪಾಠ

1643ರಲ್ಲಿ ಇಟಲಿಯ ಟಾರಿಚೆಲ್ಲಿಯ ಸೂಚನೆಯಂತೆ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಲಾಯಿತು. ಪಾದರಸವು ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು, ಮೇಲೆ ನಿರ್ವಾತ ಉಂಟಾಯಿತು. ಈ ಪ್ರಯೋಗವನ್ನು ನಾವು ತರಗತಿಯಲ್ಲಿ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. (ಪಾದರಸದ ವಿಷದ ಬಗ್ಗೆ ಅರಿವು ಹೆಚ್ಚಾಗಿರುವುದರಿಂದ ಈಗ ಮಕ್ಕಳ ಕೈಗೆ ಅದನ್ನು ಕೊಡುವಂತಿಲ್ಲ.) ಪುಸ್ತಕದಲ್ಲಿ ಇಲ್ಲದ ಒಂದು ಮುಖ್ಯ ಸಂಗತಿ ಆ ಪ್ರಯೋಗದಲ್ಲಿತ್ತು. ಪಾದರಸ ತುಂಬುವಾಗ ಗಾಜಿನ ಗೋಡೆಗೆ ಅಂಟಿಕೊಂಡ ಸಣ್ಣ ಗುಳ್ಳೆಗಳು ಕೊಳವೆಯನ್ನು ನಿಲ್ಲಿಸಿದೊಡನೆ ಮೇಲೇರಿ ನಿರ್ವಾತದಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿಂದ ಅವು ಪಾದರಸವನ್ನು ಕೆಳಕ್ಕೆ ಒತ್ತುತ್ತವೆ, ಅಳತೆ ನಿಜವಾದುದಕ್ಕಿಂತ ಕಡಿಮೆ ಬರುತ್ತದೆ. ಉಪಕರಣ ಸುಳ್ಳು ಹೇಳುತ್ತಿದೆ ಎಂಬುದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಇದನ್ನು ತಪ್ಪಿಸಲು ಹಳಬರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಕೊಳವೆಯನ್ನು ಪೂರ್ತಿ ತುಂಬದೆ ಬೆರಳಷ್ಟು ಜಾಗ ಬಿಟ್ಟು, ಬಾಯಿ ಮುಚ್ಚಿ, ನಿಧಾನವಾಗಿ ಅತ್ತಿತ್ತ ವಾಲಿಸುವುದು. ಒಳಗಿನ ಒಂದು ದೊಡ್ಡ ಗುಳ್ಳೆ ಕೊಳವೆಯ ಉದ್ದಕ್ಕೂ ಸಾಗುತ್ತ, ಗೋಡೆಗೆ ಅಂಟಿದ ಸಣ್ಣ ಗುಳ್ಳೆಗಳನ್ನೆಲ್ಲ ಗುಡಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಹೊರಹಾಕಿ ಬಾಯಿಯವರೆಗೆ ಪಾದರಸ ತುಂಬುವುದು. ಗುಳ್ಳೆಯನ್ನು ಗುಳ್ಳೆಯಿಂದಲೇ ತೆಗೆಯುವ ಕ್ರಮವಿದು. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದು ನಮಗೇನೂ ಹೊಸದಲ್ಲವಷ್ಟೆ.

ಅಷ್ಟರಿಂದಲೂ ತೃಪ್ತರಾಗದವರು ಮುಂದಿನ ಶತಮಾನದಲ್ಲಿ ಬಂದರು. ಜಿನೀವಾದ ಡೆಲ್ಯೂಕ್ ಎಂಬ ವಿದ್ವಾಂಸನು 1772ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಪಾದರಸವನ್ನು ಕೊಳವೆಯಲ್ಲೇ ಕುದಿಸಿ ಗಾಳಿಯನ್ನೂ ತೇವವನ್ನೂ ಓಡಿಸಬೇಕೆಂದು ಒತ್ತಿಹೇಳಿದನು. ಹಾಗೆ ಶುದ್ಧಗೊಳಿಸಿದ ವಾಯುಭಾರಮಾಪಕವನ್ನು ಮೆಲ್ಲಗೆ ವಾಲಿಸಿದರೆ ಪಾದರಸವು ಗಾಜಿನ ತುದಿಗೆ ತಗುಲಿ ಲೋಹದಂತೆ 'ಟಿಕ್' ಎನ್ನುತ್ತದೆ. ಗಾಳಿ ಉಳಿದಿದ್ದರೆ ಆ ಸದ್ದು ಮಂದವಾಗಿ ಕೇಳುತ್ತದೆ. ಕಣ್ಣಿಗೆ ಕಾಣದ ಗುಳ್ಳೆಯನ್ನು ಕಿವಿಯಿಂದ ಹಿಡಿಯುವ ಪರೀಕ್ಷೆಯಿದು.

ಯಂತ್ರಕ್ಕೆ ಶೀತವಾದಾಗ

ಪ್ರಯೋಗಶಾಲೆಯಿಂದ ಗಣಿಗೆ ಹೋಗೋಣ. ಇಂಗ್ಲೆಂಡಿನ ಡಡ್ಲಿಯ ಸಮೀಪದ ಕಲ್ಲಿದ್ದಲ ಗಣಿಯಲ್ಲಿ 1712ರಲ್ಲಿ ಥಾಮಸ್ ನ್ಯೂಕಾಮೆನ್ ತನ್ನ ಉಗಿಯಂತ್ರವನ್ನು ನಿಲ್ಲಿಸಿ ನೀರೆತ್ತಿದನು. ಅವನು ಪಂಡಿತನಲ್ಲ, ಡಾರ್ಟ್‌ಮತ್ ಊರಿನ ಕಬ್ಬಿಣ ಸಾಮಾನಿನ ವ್ಯಾಪಾರಿ. ಸಿಲಿಂಡರಿನಲ್ಲಿ ಉಗಿ ತುಂಬಿ, ಒಳಗೆ ತಣ್ಣೀರು ಚಿಮ್ಮಿಸಿದರೆ ಉಗಿ ನೀರಾಗಿ ನಿರ್ವಾತವುಂಟಾಗುತ್ತದೆ. ಹೊರಗಿನ ವಾಯುಮಂಡಲದ ಒತ್ತಡ ಕೊಂತವನ್ನು ಕೆಳಕ್ಕೆ ನೂಕುತ್ತದೆ. ನಿಮಿಷಕ್ಕೆ ಸುಮಾರು 12 ಸಲ ಇದು ನಡೆಯುತ್ತಿತ್ತು.

ಇಲ್ಲಿಯೂ ಗಾಳಿ ಅಡ್ಡ ಬಂತು. ನೀರಿನಲ್ಲಿ ಯಾವಾಗಲೂ ಸ್ವಲ್ಪ ಗಾಳಿ ಲೀನವಾಗಿರುತ್ತದೆ. ಬಾಯ್ಲರಿನಲ್ಲಿ ನೀರು ಕುದಿಯುವಾಗ ಉಗಿಯ ಜೊತೆಗೆ ಅದೂ ಹೊರಬರುತ್ತದೆ, ಚಿಮ್ಮಿಸಿದ ತಣ್ಣೀರಿನಿಂದಲೂ ಬಿಡುಗಡೆಯಾಗುತ್ತದೆ. ಉಗಿ ತಣಿದು ನೀರಾಗುತ್ತದೆ, ಗಾಳಿ ಹಾಗಾಗುವುದಿಲ್ಲ. ಪ್ರತಿಯೊಂದು ಹೊಡೆತಕ್ಕೂ ಸ್ವಲ್ಪ ಸ್ವಲ್ಪವೇ ಸೇರುತ್ತ ಹೋದ ಗಾಳಿಯಿಂದ ನಿರ್ವಾತ ಕೆಟ್ಟು ಕೆಲವೇ ನಿಮಿಷಗಳಲ್ಲಿ ಯಂತ್ರ ನಿಂತುಬಿಡುತ್ತಿತ್ತು. ನ್ಯೂಕಾಮೆನ್ ಮಾಡಿದ್ದು ಸರಳವಾದ ಕೆಲಸ. ಸಿಲಿಂಡರಿನ ತಳಭಾಗದಲ್ಲಿ ಹೊರಕ್ಕೆ ಮಾತ್ರ ತೆರೆಯುವ ಸಣ್ಣ ಕವಾಟವೊಂದನ್ನು ಇಟ್ಟನು. ಹೊಸ ಉಗಿ ನುಗ್ಗಿದೊಡನೆ ಹಿಂದಿನ ಸಲದ ಗಾಳಿ ಆ ಕಿಂಡಿಯಿಂದ ಹೊರಬೀಳುತ್ತಿತ್ತು. ಶೀತವಾದ ಮನುಷ್ಯ ಮೂಗು ಸುರ್ ಎನ್ನಿಸುವ ಸದ್ದು ಅದರಿಂದ ಬರುತ್ತಿದ್ದ ಕಾರಣ ಇಂಗ್ಲಿಷರು ಅದಕ್ಕೆ ಅದೇ ಅರ್ಥದ ಹೆಸರಿಟ್ಟರು.

ಅವನ ಇನ್ನೊಂದು ಜಾಣ್ಮೆಯನ್ನೂ ಹೇಳಬೇಕು. ಕೊಂತಕ್ಕೂ ಸಿಲಿಂಡರಿಗೂ ನಡುವಿನ ಸಂದಿನಿಂದ ಗಾಳಿ ಒಳನುಸುಳದಂತೆ ಕೊಂತದ ತಲೆಯ ಮೇಲೆ ಸದಾ ನೀರು ನಿಲ್ಲುವಂತೆ ಮಾಡಿದ್ದನು. ಸಂದಿನಲ್ಲಿ ಇಳಿದರೆ ನೀರು ಇಳಿಯಲಿ, ಗಾಳಿ ಬೇಡ ಎಂಬುದು ಅವನ ಲೆಕ್ಕ. ನಮ್ಮ ರೈತರು ತೆರೆದ ಬಾವಿಯ ಪಂಪ್‌ಸೆಟ್ಟು ನೀರೆತ್ತದಿದ್ದಾಗ ಕೊಡದಲ್ಲಿ ಸಗಣಿ ನೀರು ಕಲಸಿ ಪಂಪಿನೊಳಗೆ ಹೊಯ್ಯುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದೇವೆ. ಆ ಸಗಣಿಯ ನಾರು ಫುಟ್ ವಾಲ್ವಿನ ಸಂದುಗಳಲ್ಲಿ ಕುಳಿತು ಸೋರಿಕೆಯನ್ನು ತಡೆಯುತ್ತದೆ, ನೀರು ಕೊಳವೆಯಲ್ಲಿನ ಗಾಳಿಯನ್ನು ಹೊರತಳ್ಳುತ್ತದೆ. ನ್ಯೂಕಾಮೆನ್ನನ ಹೆಸರನ್ನೇ ಕೇಳದ ರೈತ ಮಾಡುತ್ತಿದ್ದುದು ಅವನ ಕೆಲಸವನ್ನೇ.

ಜೇಮ್ಸ್ ವಾಟ್ 1765ರಲ್ಲಿ ಪ್ರತ್ಯೇಕ ಘನೀಕಾರಕವನ್ನು ಕಲ್ಪಿಸಿಕೊಂಡು 1769ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ವಿಷಯ ಎಲ್ಲ ಪುಸ್ತಕಗಳಲ್ಲಿದೆ. ಆ ಘನೀಕಾರಕದಿಂದ ಗಾಳಿಯನ್ನೂ ನೀರನ್ನೂ ಹೊರಗೆಳೆಯಲು ಅವನು ಒಂದು ವಾಯುಪಂಪನ್ನು ಕೂಡ ಜೋಡಿಸಬೇಕಾಯಿತು ಎಂಬುದನ್ನು ಹೆಚ್ಚಿನ ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಆ ಪಂಪು ಇಲ್ಲದಿದ್ದರೆ ವಾಟನ ಯಂತ್ರವೂ ಗಾಳಿ ತುಂಬಿ ನಿಲ್ಲುತ್ತಿತ್ತು.

ಮೂರು ನಿಯಮಗಳು

ಕಸುಬುದಾರರು ಅನುಭವದಿಂದ ಅರಿತದ್ದಕ್ಕೆ ಕಾರಣ ತಿಳಿಸಿದವರು ಮೂವರು. ಮೊದಲನೆಯವನು ರಾಬರ್ಟ್ ಬಾಯ್ಲ್. ರಾಬರ್ಟ್ ಹೂಕನ ನೆರವಿನಿಂದ 1659ರಲ್ಲಿ ಸಿದ್ಧವಾದ ವಾಯುಪಂಪಿನ ಗಾಜಿನ ಬುರುಡೆಯೊಳಗೆ ನೀರನ್ನಿಟ್ಟು ಗಾಳಿ ಎಳೆದಾಗ, ತಣ್ಣಗಿದ್ದ ನೀರಿನೊಳಗಿನಿಂದಲೇ ಗುಳ್ಳೆಗಳು ಏಳುವುದನ್ನು ಅವನು ಕಂಡನು. ಒತ್ತಡ ಅರ್ಧವಾದರೆ ಅನಿಲದ ಗಾತ್ರ ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು 1662ರಲ್ಲಿ ಪ್ರಕಟಿಸಿದನು.

ಎರಡನೆಯವನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ. ಉಷ್ಣತೆ ಬದಲಾಗದಿದ್ದರೆ ದ್ರವದಲ್ಲಿ ಲೀನವಾಗುವ ಅನಿಲದ ಪ್ರಮಾಣವು ಅದರ ಮೇಲಿನ ಒತ್ತಡಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಅವನು 1803ರಲ್ಲಿ ತಿಳಿಸಿದನು. ಸೋಡಾ ಬಾಟಲಿಯ ಗೋಲಿಯನ್ನು ಒತ್ತಿದಾಗ ಏಳುವ ನೊರೆ ಈ ನಿಯಮದ ಪ್ರಾತ್ಯಕ್ಷಿಕೆ. ಮುಚ್ಚಿದ ಬಾಟಲಿಯಲ್ಲಿ ಗುಳ್ಳೆ ಕಾಣುವುದಿಲ್ಲ, ಅಂದಮಾತ್ರಕ್ಕೆ ಅನಿಲ ಇಲ್ಲವೆಂದಲ್ಲ. ಒತ್ತಡ ಇಳಿದ ಕ್ಷಣ ಅದು ಪ್ರತ್ಯಕ್ಷವಾಗುತ್ತದೆ.

ಮೂರನೆಯವನು ಕೇಂಬ್ರಿಡ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ದ್ರವದಲ್ಲಿ ಸಣ್ಣ ಗೋಳವೊಂದು ಏಳುವ ಅಥವಾ ಮುಳುಗುವ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು ಅವನು 1851ರಲ್ಲಿ ಕೊಟ್ಟನು. ಗುಳ್ಳೆಯ ತ್ರಿಜ್ಯ ಎರಡರಷ್ಟಾದರೆ ವೇಗ ನಾಲ್ಕರಷ್ಟಾಗುತ್ತದೆ. ದ್ರವದ ಸ್ನಿಗ್ಧತೆ ಹತ್ತರಷ್ಟಾದರೆ ವೇಗ ಹತ್ತನೆಯ ಒಂದಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡೋಣ, ಪೆನ್ನು ಕಾಗದ ತೆಗೆದುಕೊಳ್ಳಿ. ಒಂದು ಮಿಲಿಮೀಟರಿನ ಹತ್ತನೆಯ ಒಂದಂಶ ವ್ಯಾಸದ ಗುಳ್ಳೆಯು ನೀರಿನಲ್ಲಿ 10 ಸೆಂಟಿಮೀಟರ್ ಮೇಲೇರಲು ಸ್ಟೋಕ್ಸನ ಸೂತ್ರದಂತೆ ಸುಮಾರು 18 ಸೆಕೆಂಡು ಬೇಕು. ಜೇನುತುಪ್ಪದಂತೆ ನೀರಿಗಿಂತ ಹತ್ತು ಸಾವಿರ ಪಟ್ಟು ಸ್ನಿಗ್ಧವಾದ, ಆದರೆ ನೀರಿನಷ್ಟೇ ಸಾಂದ್ರತೆಯುಳ್ಳ ಅಂಟಿನಲ್ಲಿ ಅದೇ ಗುಳ್ಳೆ ಅಷ್ಟೇ ದೂರ ಏರಲು 51 ಗಂಟೆ ಹಿಡಿಯುತ್ತದೆ! 'ಸ್ವಲ್ಪ ಹೊತ್ತು ಬಿಟ್ಟರೆ ಗುಳ್ಳೆ ತಾನೇ ಹೋಗುತ್ತದೆ' ಎಂಬ ಮಾತು ನೀರಿಗೆ ಸರಿ, ಅಂಟಿಗೆ ಸಲ್ಲದು. ಎಷ್ಟೋ ಬಗೆಯ ಅಂಟುಗಳು ಅಷ್ಟು ಹೊತ್ತಿನಲ್ಲಿ ತಾವೇ ಗಟ್ಟಿಯಾಗಿಬಿಡುತ್ತವೆ.

ಈಗ ಬಾಯ್ಲನನ್ನು ಸ್ಟೋಕ್ಸನ ಪಕ್ಕಕ್ಕೆ ಕರೆಯಿರಿ. ಅಂಟಿನ ಪಾತ್ರೆಯನ್ನು ನಿರ್ವಾತದಲ್ಲಿಟ್ಟು ಒತ್ತಡವನ್ನು ಸಾವಿರದ ಒಂದಂಶಕ್ಕೆ ಇಳಿಸಿದರೆ ಗುಳ್ಳೆಯ ಗಾತ್ರ ಸಾವಿರ ಪಟ್ಟು, ಎಂದರೆ ತ್ರಿಜ್ಯ ಹತ್ತು ಪಟ್ಟು ಹಿಗ್ಗಬೇಕು. ತ್ರಿಜ್ಯ ಹತ್ತರಷ್ಟಾದರೆ ವೇಗ ನೂರರಷ್ಟು. 51 ಗಂಟೆಯ ಪಯಣ ಸುಮಾರು ಅರ್ಧ ಗಂಟೆಗೆ ಇಳಿಯಿತು. ಹಾಗಲ್ಲದೆ ಪಾತ್ರೆಯನ್ನು ಗಿರಗಿರನೆ ತಿರುಗಿಸಿ ಭೂಮಿಯ ಗುರುತ್ವದ 500 ಪಟ್ಟು ಬಲ ಹುಟ್ಟಿಸಿದರೆ ಅದೇ ಕೆಲಸ ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಇಂದಿನ ಕಾರ್ಖಾನೆಗಳಲ್ಲಿ ಅಂಟಿನ ಗುಳ್ಳೆ ತೆಗೆಯಲು ನಿರ್ವಾತ ಪಾತ್ರೆ ಮತ್ತು ಅಪಕೇಂದ್ರಕ ಎಂಬ ಎರಡು ಸಾಧನಗಳಿರುವುದು ಈ ಲೆಕ್ಕದ ಫಲ.

ಹೆನ್ರಿಯ ನಿಯಮ ಮನುಷ್ಯರ ರಕ್ತಕ್ಕೂ ಅನ್ವಯಿಸುತ್ತದೆಂಬುದು ಬಹಳ ದುಬಾರಿಯಾಗಿ ತಿಳಿದುಬಂತು. ನದಿಯ ತಳದಲ್ಲಿ ಸೇತುವೆಯ ಪಾಯ ತೆಗೆಯಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳಲ್ಲಿ ಕೆಲಸಗಾರರನ್ನು ಇಳಿಸುತ್ತಿದ್ದರು. ಮೇಲೆ ಬಂದವರಿಗೆ ಕೀಲುನೋವು, ಪಾರ್ಶ್ವವಾಯು, ಕೆಲವರಿಗೆ ಸಾವು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಬೇನೆಯಿಂದ ಹಾಸಿಗೆ ಹಿಡಿದನು. 1883ರಲ್ಲಿ ಸೇತುವೆ ಪೂರ್ಣಗೊಳ್ಳುವವರೆಗೂ ಅವನ ಪತ್ನಿ ಎಮಿಲಿ ಅವನ ಸೂಚನೆಗಳನ್ನು ಹೊತ್ತು ಕೆಲಸ ನಡೆಸಿದಳು. ಒತ್ತಡದಲ್ಲಿ ರಕ್ತದೊಳಗೆ ಲೀನವಾದ ಸಾರಜನಕ, ಒತ್ತಡ ಥಟ್ಟನೆ ಇಳಿದಾಗ ಗುಳ್ಳೆಗಳಾಗುತ್ತದೆಂದು ಫ್ರಾನ್ಸಿನ ಪಾಲ್ ಬರ್ 1878ರ ತನ್ನ ಗ್ರಂಥದಲ್ಲಿ ತೋರಿಸಿದನು. ಒತ್ತಡವನ್ನು ಹಂತಹಂತವಾಗಿ ಇಳಿಸುವ ಕ್ರಮವನ್ನು ಬ್ರಿಟನ್ನಿನ ಹಾಲ್ಡೇನ್ 1908ರಲ್ಲಿ ರೂಪಿಸಿದನು. ಕಾಣದ ಗಾಳಿಯ ಮೇಲಿನ ಒತ್ತಡವನ್ನು ಅವಸರದಿಂದ ತೆಗೆಯಬಾರದು ಎಂಬುದೇ ಅವನ ಕ್ರಮದ ಸಾರ.

ಅಳತೆಯ ನ್ಯಾಯ, ಬ್ರೇಕಿನ ಪ್ರಾಣ

ಅಳೆದು ಹೊಯ್ಯುವ ಯಂತ್ರಗಳಲ್ಲಿ ಎಲ್ಲರೂ ಕಂಡಿರುವುದು ಪೆಟ್ರೋಲ್ ಪಂಪು. ಅಮೆರಿಕದ ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇನ್ ಊರಿನಲ್ಲಿ 1885ರಲ್ಲಿ ಸಿಲ್ವೇನಸ್ ಬೌಸರ್ ಒಬ್ಬ ಅಂಗಡಿಯವನಿಗೆ ಸೀಮೆಎಣ್ಣೆ ಅಳೆದುಕೊಡುವ ಪಂಪನ್ನು ಮಾಡಿಕೊಟ್ಟನು. ಮೋಟಾರು ಗಾಡಿಗಳು ಬಂದ ಮೇಲೆ ಅದೇ ಬಗೆಯ ಪಂಪುಗಳು ಪೆಟ್ರೋಲ್ ಅಳೆಯತೊಡಗಿದವು. ಗಿರಾಕಿಯ ಅನುಮಾನ ತೀರಲೆಂದು, ಮೇಲೆ ಗೆರೆ ಹಾಕಿದ ಗಾಜಿನ ಪಾತ್ರೆಗೆ ಮೊದಲು ಪೆಟ್ರೋಲ್ ಏರಿಸಿ, ಕಣ್ಣೆದುರಿಗೆ ಅಳೆದು, ಗಾಡಿಗೆ ಇಳಿಸುವ ಪಂಪುಗಳು ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದವು. ಆ ಗಾಜಿನಲ್ಲಿ ಗಾಳಿಗೆ ಮೋಸಮಾಡಲು ಅವಕಾಶವಿರಲಿಲ್ಲ.

ಮುಂದೆ ಮೀಟರು ಬಂದಿತು. ಮೀಟರು ಎಣಿಸುವುದು ತನ್ನೊಳಗೆ ಹಾದುಹೋದ ಗಾತ್ರವನ್ನು. ಹಾದುಹೋದದ್ದು ಪೆಟ್ರೋಲೋ ಗಾಳಿಯೋ ಅದಕ್ಕೆ ತಿಳಿಯದು. ನೆಲದಡಿಯ ಕೊಳವೆಯಲ್ಲಿ ಒಂದು ಸಣ್ಣ ಸೋರಿಕೆಯಿದ್ದರೂ ಗಿರಾಕಿ ಗಾಳಿಗೆ ಹಣ ತೆರುತ್ತಾನೆ. ಆದಕಾರಣ ಮೀಟರಿಗೂ ಮೊದಲು ಗಾಳಿ ಬೇರ್ಪಡಿಸುವ ಒಂದು ಕೋಣೆಯನ್ನು ಇಟ್ಟರು. ಇಕ್ಕಟ್ಟಾದ ಕೊಳವೆಯಿಂದ ಅಗಲವಾದ ಕೋಣೆಗೆ ಬಂದ ಪೆಟ್ರೋಲಿನ ವೇಗ ತಗ್ಗುತ್ತದೆ, ಗುಳ್ಳೆಗಳಿಗೆ ಮೇಲೇಳಲು ಸಮಯ ಸಿಗುತ್ತದೆ, ಮೇಲಿನ ಕಿಂಡಿಯಿಂದ ಅವು ಹೊರಹೋಗುತ್ತವೆ. ನ್ಯೂಕಾಮೆನ್ನನ ಮೂಗು ಇಲ್ಲಿ ಇನ್ನೊಂದು ರೂಪದಲ್ಲಿದೆ. ನಮ್ಮ ದೇಶದಲ್ಲಿ 1956 ಮತ್ತು 1976ರ ತೂಕ ಅಳತೆಗಳ ಕಾಯಿದೆಗಳೂ ಅವುಗಳ ಸ್ಥಾನಕ್ಕೆ ಬಂದ 2009ರ ಕಾನೂನು ಮಾಪನ ಕಾಯಿದೆಯೂ ಕಾಯುತ್ತಿರುವುದು ಇಂಥ ನ್ಯಾಯವನ್ನೇ. ಸಂದೇಹ ಬಂದ ಗಿರಾಕಿ ಬಂಕಿನಲ್ಲಿ 5 ಲೀಟರಿನ ಅಳತೆ ಪಾತ್ರೆಯನ್ನು ಕೇಳಿ ಪರೀಕ್ಷಿಸಬಹುದು.

ಪೆಟ್ರೋಲಿನಲ್ಲಿ ಹೋಗುವುದು ಹಣ. ಬ್ರೇಕಿನಲ್ಲಿ ಹೋಗುವುದು ಪ್ರಾಣ. ದ್ರವದ ಒತ್ತಡದಿಂದ ನಾಲ್ಕೂ ಚಕ್ರಗಳನ್ನು ಹಿಡಿಯುವ ಬ್ರೇಕನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅಭಿವೃದ್ಧಿಪಡಿಸಿದನು. 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ಅದು ಬಳಕೆಗೆ ಬಂತು. ಕಾಲಿಟ್ಟ ಒತ್ತಡವನ್ನು ಚಕ್ರಕ್ಕೆ ಒಯ್ಯುವ ಕೊಳವೆಯಲ್ಲಿ ಗುಳ್ಳೆ ಸೇರಿದರೆ ಪೆಡಲು ಸ್ಪಂಜಿನಂತೆ ಮೆತ್ತಗೆ ಒಳಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಬ್ರೇಕ್ ಆಯಿಲು ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. 'ಡಾಟ್ 3' ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಿಡಿದು ಕಾಯಿಸಿದಾಗ ಹಳೆಯ ಆಯಿಲು ಒಳಗೇ ಕುದಿದು ಆವಿಯ ಗುಳ್ಳೆ ಏಳುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಟ್ಟಗಳಲ್ಲಿ ಕಾರು ಇಳಿಸುವ ನಮ್ಮ ಬಂಧುಗಳು ಇದನ್ನು ನೆನಪಿಟ್ಟು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಸಾಗುವುದು ಕ್ಷೇಮ. ಗ್ಯಾರೇಜಿನಲ್ಲಿ ಒಬ್ಬ ಪೆಡಲು ಒತ್ತಿ ಹಿಡಿಯುವುದು, ಇನ್ನೊಬ್ಬ ಚಕ್ರದ ಬಳಿ ನಿಪ್ಪಲು ಸಡಿಲಿಸಿ ಗುಳ್ಳೆ ಬಿಡುವುದು, ಅದನ್ನು ಬಿಗಿದ ಮೇಲೆಯೇ ಮೊದಲಿನವನು ಕಾಲೆತ್ತುವುದು, ಇದು ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಮಾಡುವ ಕೆಲಸ.

ಡೀಸೆಲ್ ಎಂಜಿನ್ನಿನ ಕಥೆಯಲ್ಲಿ ಒಂದು ವಿನೋದವಿದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಗೆ ಊದುತ್ತಿದ್ದುದು ಒತ್ತಡದ ಗಾಳಿಯೇ. ಅದಕ್ಕೆ ಬೇಕಾದ ದೊಡ್ಡ ಕಂಪ್ರೆಸರನ್ನು ಹೊತ್ತು ಲಾರಿ ಓಡಲಾರದು. ಗಾಳಿಯ ಹಂಗಿಲ್ಲದೆ ಎಣ್ಣೆಯನ್ನೇ ಒತ್ತಿ ಚಿಮ್ಮಿಸುವ ಪಂಪನ್ನು ಜರ್ಮನಿಯ ರಾಬರ್ಟ್ ಬಾಷ್ ಕಂಪನಿ 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅಲ್ಲಿಯವರೆಗೆ ಸೇವಕನಾಗಿದ್ದ ಗಾಳಿ ಅಂದಿನಿಂದ ಶತ್ರುವಾಯಿತು. ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಹನಿಯಷ್ಟು ಎಣ್ಣೆಯನ್ನು ಚಿಮ್ಮಿಸುವ ಪಂಪಿನಲ್ಲಿ ಗುಳ್ಳೆ ಸೇರಿದರೆ ಎಂಜಿನ್ ಹೊತ್ತಿಕೊಳ್ಳುವುದೇ ಇಲ್ಲ. ಬಾಷ್ ಸಹಯೋಗದ ಮೈಕೋ ಕಾರ್ಖಾನೆ 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ತಲೆಯೆತ್ತಿ ಇಂಥ ಪಂಪುಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸಿತು. ನಮ್ಮ ಬಂಧುಬಳಗದಲ್ಲಿ ಮೈಕೋ ಬಸ್ಸಿಗಾಗಿ ಬೆಳಗ್ಗೆ ಕಾದು ನಿಂತವರಿದ್ದಾರೆ. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಡೀಸೆಲ್ ಪಂಪ್‌ಸೆಟ್ಟು ಇದ್ದ ಮನೆಯ ಹುಡುಗರಿಗೆಲ್ಲ 'ಏರ್ ಹಿಡಿದಿದೆ' ಎಂಬ ಮಾತೂ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ನೊರೆ ನಿಂತು ಶುದ್ಧ ಎಣ್ಣೆ ಬರುವವರೆಗೆ ಕಾಯುವ ಕ್ರಮವೂ ಗೊತ್ತಿತ್ತು.

ಇಂದಿನ ಹನಿಸುವ ಯಂತ್ರ

ಕಾರ್ಖಾನೆಯ ಹನಿಸುವ ಯಂತ್ರಕ್ಕೆ ವೈದ್ಯರ ಸಿರಿಂಜನ್ನು ಅಜ್ಜ ಎನ್ನಬಹುದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ವುಡ್ ಮತ್ತು ಫ್ರಾನ್ಸಿನ ಪ್ರವಾಜ್ 1853ರಲ್ಲಿ ಅದಕ್ಕೆ ಈಗಿನ ರೂಪದ ಮೊದಲನ್ನು ಕೊಟ್ಟರು. ಎಪಾಕ್ಸಿ ಅಂಟುಗಳು 1940ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಮೇಲೆ, ಎಲೆಕ್ಟ್ರಾನಿಕ್ ಉದ್ಯಮ ಬೆಳೆದಂತೆ, ಅಂಟನ್ನು ಅಳೆದು ಇಡುವ ಯಂತ್ರಗಳ ಅಗತ್ಯ ಹೆಚ್ಚಿತು. ಇಲ್ಲಿ ಗುಳ್ಳೆಯ ಹಾನಿ ಒಂದೆರಡಲ್ಲ. ಹೆಚ್ಚಿನ ವೋಲ್ಟೇಜಿನ ಸುರುಳಿಯನ್ನು ಮುಚ್ಚುವ ಎಪಾಕ್ಸಿಯೊಳಗೆ ಗುಳ್ಳೆ ಉಳಿದರೆ ಅಲ್ಲಿ ಸಣ್ಣ ವಿದ್ಯುತ್ ಕಿಡಿಗಳು ಹಾರಿ, ವರ್ಷಗಟ್ಟಲೆ ಅವಾಹಕವನ್ನು ಕೊರೆದು, ಒಂದು ದಿನ ಸುಟ್ಟುಬಿಡುತ್ತವೆ. ಕಾರಿನ ಗಾಜಿನ ಅಂಚಿನ ಲೇಪದಲ್ಲಿ ಗುಳ್ಳೆ ಒಡೆದು ಬಿಟ್ಟ ಜಾಗದಿಂದ ಮಳೆನೀರು ಇಳಿಯುತ್ತದೆ. ಎರಡು ದ್ರವಗಳನ್ನು ಬೆರೆಸುವ ಯಂತ್ರದಲ್ಲಿ ಒಂದರ ಕೊಳವೆಗೆ ಗಾಳಿ ಸೇರಿದರೆ ಪ್ರಮಾಣ ತಪ್ಪಿ ಅಂಟು ಗಟ್ಟಿಯಾಗುವುದೇ ಇಲ್ಲ.

ಈ ಕೆಲಸದಲ್ಲಿರುವವರು ಪಾಲಿಸುವ ಕ್ರಮಗಳನ್ನು ಕೇಳಿದರೆ ಮೇಲಿನ ಇತಿಹಾಸವೆಲ್ಲ ಮತ್ತೆ ಎದುರಾಗುತ್ತದೆ. ಅಂಟನ್ನು ಎತ್ತರದಿಂದ ಹೊಯ್ಯಬಾರದು, ತುಂಬುವ ಕೊಳವೆಯ ಬಾಯಿ ಸದಾ ದ್ರವದೊಳಗೆ ಮುಳುಗಿದ್ದು ತಳದಿಂದ ಮೇಲಕ್ಕೆ ತುಂಬಬೇಕು. ನಮ್ಮ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಮೊಳದೆತ್ತರ ಹೊಯ್ದು ನೊರೆ ಬರಿಸುತ್ತೇವಲ್ಲ, ಅದಕ್ಕೆ ನೇರ ವಿರುದ್ಧವಾದ ವಿದ್ಯೆಯಿದು. ನಿರ್ವಾತದಲ್ಲಿಡುವಾಗ ಪಾತ್ರೆಯಲ್ಲಿ ಧಾರಾಳವಾಗಿ ಜಾಗ ಬಿಡಬೇಕು, ಹಿಗ್ಗಿದ ಗುಳ್ಳೆಗಳಿಂದ ಅಂಟು ಹಾಲಿನಂತೆ ಉಕ್ಕುತ್ತದೆ. ತೊಳೆದ ಕವಾಟವನ್ನು ಮತ್ತೆ ಜೋಡಿಸುವಾಗ ಒಳಗಿನ ಪೊಳ್ಳುಗಳನ್ನು ಅದೇ ದ್ರವದಿಂದ ತುಂಬುತ್ತ ಜೋಡಿಸಿದರೆ ಗಾಳಿಗೆ ಜಾಗವೇ ಇರುವುದಿಲ್ಲ. ಜೋಡಿಸಿದ ಮೇಲೆ ಹನಿಸುವ ತುದಿಯನ್ನು ಮೇಲ್ಮುಖ ಮಾಡಿ, ಗುಳ್ಳೆ ನಿಲ್ಲುವವರೆಗೆ ದ್ರವ ಹೊರಹಾಕಬೇಕು. ಗಾಳಿ ಹೋಗುವುದು ಮೇಲಕ್ಕೆ, ದಾರಿಯೂ ಮೇಲೆಯೇ ಇರಬೇಕು. ಶೈತ್ಯದಲ್ಲಿಟ್ಟ ಅಂಟಿನ ಸಿರಿಂಜನ್ನು ಹೊರತೆಗೆದೊಡನೆ ಬಳಸದೆ, ಮುಚ್ಚಳ ತೆರೆಯದೆ, ನೆಟ್ಟಗೆ ನಿಲ್ಲಿಸಿ ಕೋಣೆಯ ಉಷ್ಣತೆಗೆ ತಾನಾಗಿ ಬರಲು ಬಿಡಬೇಕು.

ಇನ್ನೆರಡು ವಿಷಯಗಳು ಸೂಕ್ಷ್ಮವಾದವು. ಪಂಪಿನಿಂದ ಮುಂದಿನ ಕೊಳವೆ ಸೋರಿದರೆ ಹೊರಗೆ ಜಿಡ್ಡು ಕಾಣುತ್ತದೆ. ಪಂಪಿನ ಹಿಂದಿನ, ಎಂದರೆ ಹೀರುವ ಕಡೆಯ ಕೊಳವೆ ಸೋರಿದರೆ ಹೊರಗೆ ಒಂದು ಹನಿಯೂ ಕಾಣದು. ಅಲ್ಲಿ ದ್ರವ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಒಣಗಿ ಸ್ವಚ್ಛವಾಗಿ ಕಾಣುವ ಕೀಲನ್ನು ಅನುಮಾನಿಸಲು ಅನುಭವ ಬೇಕು. ಎರಡನೆಯದು ಹೆನ್ರಿಯ ಪಾಠ. ಒತ್ತಡದ ಗಾಳಿಯಿಂದ ಅಂಟನ್ನು ತಳ್ಳುವ ಪಾತ್ರೆಯನ್ನು ರಾತ್ರಿಯೆಲ್ಲ ಒತ್ತಡದಲ್ಲೇ ಬಿಟ್ಟರೆ ಗಾಳಿ ಮೆಲ್ಲಗೆ ಅಂಟಿನಲ್ಲಿ ಲೀನವಾಗುತ್ತದೆ. ಬೆಳಗ್ಗೆ ಪಾತ್ರೆಯಲ್ಲಿ ಗುಳ್ಳೆಯಿಲ್ಲ, ಕೊಳವೆಯಲ್ಲಿಲ್ಲ, ಸೂಜಿಯ ತುದಿಯಿಂದ ಹೊರಬಂದ ಮೇಲೆ ಸೋಡಾದಂತೆ ಹುಟ್ಟಿಕೊಳ್ಳುತ್ತವೆ! ಗಾಳಿಗೂ ಅಂಟಿಗೂ ನಡುವೆ ಒಂದು ಕೊಂತದ ಅಡ್ಡಗೋಡೆ ಇಡುವುದು, ಕೆಲಸ ಮುಗಿದೊಡನೆ ಒತ್ತಡ ಇಳಿಸುವುದು ಇದಕ್ಕೆ ಪರಿಹಾರ.

ಇಷ್ಟನ್ನು ಓದಿದ ಮೇಲೆ ಒಂದು ಮಾತು ನಿಮಗೂ ಹೊಳೆದಿರಬಹುದು. ಈ ಶತಮಾನಗಳಲ್ಲಿ ಗಾಳಿಯನ್ನು ಬಲದಿಂದ ಗೆದ್ದವರು ಯಾರೂ ಇಲ್ಲ. ಒತ್ತಡ ಹೆಚ್ಚಿಸಿದರೆ ಅದು ಕುಗ್ಗಿ ಅಡಗುತ್ತದೆ, ಇಲ್ಲವೇ ದ್ರವದಲ್ಲಿ ಲೀನವಾಗುತ್ತದೆ, ಹೋಗುವುದಿಲ್ಲ. ಗೆದ್ದವರೆಲ್ಲರೂ ಅದಕ್ಕೆ ಮೇಲೆ ಒಂದು ಸಣ್ಣ ಕಿಂಡಿಯನ್ನೂ ಹೊರಹೋಗಲು ಸಾಕಷ್ಟು ಸಮಯವನ್ನೂ ಕೊಟ್ಟವರು. ಇತಿಹಾಸದ ಪುಸ್ತಕಗಳು ಯಂತ್ರವನ್ನು ಕಂಡುಹಿಡಿದವರ ಹೆಸರನ್ನು ಬರೆದಿಟ್ಟಿವೆ. ದಿನವೂ ಬೆಳಗ್ಗೆ ಆ ಕಿಂಡಿಯನ್ನು ತೆರೆದು, ನೊರೆ ನಿಲ್ಲುವವರೆಗೆ ಕಾದು, ಮತ್ತೆ ಬಿಗಿದು ಯಂತ್ರವನ್ನು ಪ್ರಾಮಾಣಿಕವಾಗಿ ಉಳಿಸಿದವರ ಹೆಸರು ಎಲ್ಲಿಯೂ ಇಲ್ಲ. ನಾವು ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವುದು, ಕೊಟ್ಟ ಹಣಕ್ಕೆ ಸರಿಯಾಗಿ ಎಣ್ಣೆ ದೊರೆಯುವುದು ಅವರಿಂದಲೇ. ನನ್ನ ವಿದ್ಯಾರ್ಥಿಗಳಲ್ಲಿ ಅಂಥ ಕೆಲಸ ಮಾಡುವವರು ಹಲವರಿದ್ದೀರಿ. ನಿಮ್ಮ ಕೆಲಸವನ್ನು ಮನೆಯವರು ಚಿಕ್ಕದೆಂದು ತಿಳಿದಿದ್ದರೆ ಈ ಲೇಖನವನ್ನು ಅವರಿಗೆ ಓದಿ ಹೇಳಿ. ನಿಮ್ಮ ಯಂತ್ರದಲ್ಲಿ ಗುಳ್ಳೆಯನ್ನು ಹೇಗೆ ಹಿಡಿಯುತ್ತೀರಿ ಎಂಬುದನ್ನು ಬಿಡುವಾದಾಗ ನನಗೂ ಬರೆದು ತಿಳಿಸಿರಿ.